ಗೋಡೆಯ ಹೊಟ್ಟೆಯಲ್ಲಿ ಪಾಂಡವರು

ಕುರುಗೋಡಿನ ಗುಡ್ಡದ ಬುಡದಲ್ಲಿ ಹೊಲ ಇರುವವರಿಗೆ ಕಲ್ಲಿನ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಪ್ರತಿ ವರ್ಷ ನೇಗಿಲು ಹೊಡೆದಾಗ ಒಂದಿಷ್ಟು ಮೇಲೆ ಬರುತ್ತವೆ. ಆರಿಸಿ ಬದುವಿಗೆ ಹಾಕಿದರೆ ಮುಂದಿನ ವರ್ಷ ಮತ್ತೊಂದಿಷ್ಟು. "ಬಿತ್ತದ, ನೀರು ಹಾಯಿಸದ, ವರ್ಷಾ ತಪ್ಪದ ಬರೋ ಬೆಳಿ ಅಂದ್ರ ಇದೊಂದ ನೋಡು" ಎಂದು ವೀರಭದ್ರಮ್ಮ ಸೊಸೆಗೆ ಹೇಳುತ್ತಿದ್ದಳು.

ಅಷ್ಟೊಂದು ಕಲ್ಲಿನ ನಡುವೆ ವೀರಭದ್ರಮ್ಮನಿಗೆ ತನ್ನವು ಅಂತ ಐದು ಕಲ್ಲುಗಳಿದ್ದವು. ಅವು ಈ ಹೊಲದವಲ್ಲ. ಮದುವೆಯಾಗಿ ಸಿರುಗುಪ್ಪದಿಂದ ಇಲ್ಲಿಗೆ ಬರುವಾಗ ಅವಳ ತಾಯಿ ಹೊಳೆಯಿಂದ ಆರಿಸಿ ತಂದು ಮಗಳ ಸೆರಗಿಗೆ ಕಟ್ಟಿದ್ದಳು. "ನೀ ಹೋಗೋ ಊರಾಗ ಹೊಳಿ ಇಲ್ಲಂತ. ಹೊಳೀದೊಂದು ಗುರ್ತು ಇರಲಿ, ಹೊಲದಾಗ ಇಟ್ಟು ಪೂಜಿ ಮಾಡು" ಅಂದಿದ್ದಳಂತೆ. ನೀರಿನಲ್ಲಿ ಉರುಳಿ ಉರುಳಿ ನುಣುಪಾದ, ಅಂಗೈ ತುಂಬುವ ಗುಂಡುಗಲ್ಲುಗಳು. ಎಳ್ಳಮಾವಾಸ್ಯೆ ಬಂದರೆ ಅವಕ್ಕೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ಬನ್ನಿ ಮರದ ಕೆಳಗೆ ಸಾಲಾಗಿ ಇಡುವುದು. ಅಂದು ಅವು ಪಾಂಡವರು. ಅವರಿಗೆ ಎಡೆ ಹಿಡಿದ ಮೇಲೆಯೇ ಹೊಲದ ತುಂಬ ಚರಗ ಚೆಲ್ಲುವುದು, ಅಂದರೆ ಇಷ್ಟು ದಿನ ನಮಗೆ ಉಣ್ಣಿಸಿದ ಭೂಮಿಗೆ ನಾವೊಂದು ದಿನ ಉಣ್ಣಿಸುವುದು.

ಪೂಜೆ ಮುಗಿದರೆ ಪಾಂಡವರು ಮರದ ಬುಡದಲ್ಲೇ ಉಳಿಯುತ್ತಿದ್ದರು. ಒಂದೆರಡು ಮಳೆಗೆ ಸುಣ್ಣ ತೊಳೆದುಹೋಗಿ ಮತ್ತೆ ಬರೀ ಕಲ್ಲಾಗುತ್ತಿದ್ದರು. ತೊಂದರೆ ಹುಟ್ಟಿದ್ದೇ ಅಲ್ಲಿಂದ.

ವೀರಭದ್ರಮ್ಮನ ಮಗ ಜಂಬುನಾಥನಿಗೆ ಊರಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಹೊಲದ ಕೆಲಸವೆಲ್ಲ ಹೆಂಡತಿ ಪಂಪಾವತಿಯದು. ಅವನು ಹೊಲಕ್ಕೆ ಬರುವುದು ಅಪರೂಪ, ಬಂದಾಗ ಮಾತ್ರ ಏನಾದರೂ ದೊಡ್ಡದೊಂದನ್ನು ಮಾಡಿಯೇ ಹೋಗುವವನು. ಹಾಗೆ ಒಮ್ಮೆ ಬಂದವನು ಜೆಸಿಬಿ ತರಿಸಿ, ಗುಡ್ಡದ ಕಡೆಗಿದ್ದ ಹಳೇ ಬೇಲಿಯನ್ನು ಬೇರು ಸಮೇತ ಕಿತ್ತು ಹಾಕಿಸಿದ. ಲೆಕ್ಕಿ, ತಂಗಡಿ, ಕವಳಿ, ಬಾರಿ ಎಲ್ಲ ಕಲೆತು ಬೆಳೆದಿದ್ದ ಬೇಲಿ ಅದು. "ಈಗ ನೋಡು, ಹೊಲ ಹೆಂಗ ಕಾಣಾಕತ್ತೈತಿ! ಕ್ಷೌರ ಮಾಡಿಸಿದ ಹುಡುಗನಂಗ!" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

ಆ ವರ್ಷ ಸೂರ್ಯಪಾನದ, ಅಂದರೆ ಸೂರ್ಯಕಾಂತಿಯ, ಹೂಗಳು ತಟ್ಟೆಯಷ್ಟು ಅಗಲವಾಗಿ ಬಂದವು. ಕಾಳು ಮಾತ್ರ ಅಂಚಿಗೆ ಒಂದಿಷ್ಟು ಕಟ್ಟಿ, ನಡುವೆ ಎಲ್ಲ ಜೊಳ್ಳು. ಗೊಬ್ಬರ ಕಡಿಮೆಯಾಯಿತು ಎಂದರು ಕೆಲವರು, ಬೀಜ ಸರಿಯಿಲ್ಲ ಎಂದರು ಕೆಲವರು. ಪಂಪಾವತಿ ಯಾರ ಮಾತಿಗೂ ಇಲ್ಲ ಅನ್ನಲಿಲ್ಲ. ಮರುವರ್ಷ ಹೂ ಬಿಟ್ಟಾಗ ಬೆಳಗ್ಗೆ ಹೊಲದಲ್ಲಿ ಸುಮ್ಮನೆ ಕೂತು ನೋಡಿದಳು. ಹೂವಿಗೆ ಬರುವವರೇ ಇರಲಿಲ್ಲ. ಹೊಲದಲ್ಲಿ ಗುಂಯ್ ಅನ್ನುವ ಸದ್ದೇ ಇಲ್ಲ. ಬೇಲಿಯ ಜೊತೆ ಜೇನೂ ಹೋಗಿತ್ತು.

ಹಳೇ ಸೀರೆಯ ಮೆತ್ತನೆ ತುಂಡನ್ನು ಅಂಗೈಗೆ ಸುತ್ತಿಕೊಂಡು ಒಂದೊಂದೇ ಹೂವಿನ ಮುಖ ಸವರುತ್ತ ಹೋದಳು. ಒಂದರ ಪುಡಿ ಇನ್ನೊಂದಕ್ಕೆ ಹತ್ತಲಿ ಅಂತ. ಸಾಲು ಮುಗಿಯುವಷ್ಟರಲ್ಲಿ ತೋಳು ಕಳಚಿ ಬೀಳುವ ಹಾಗಾಗುತ್ತಿತ್ತು. ಬದುವಿನ ಮೇಲೆ ಕೂತ ವೀರಭದ್ರಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅವಳಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜು ಮಂಜು.

"ಯಾರ ಮಾರಿ ಒರಸಾಕತ್ತೀಯೇ ಪಂಪಿ?"

"ನಿಮ್ಮ ಮಗ ಓಡಿಸಿದ ಜೇನಿನ ಕೆಲಸಾ ಮಾಡಾಕತ್ತೀನ್ರಿ ಅತ್ತಿ."

"ಹಂಗಾದ್ರ ಅವನ್ನ ಕರ್ಕೊಂಬಂದು ಸಾಲಿಗೆ ಹಚ್ಚು. ಗುಂಯ್ ಅನ್ನೂದು ಹೆಂಗಂತ ಅವನಿಗೇನು ಹೇಳಿಕೊಡೂದು ಬ್ಯಾಡ, ಊಟಕ್ಕ ಕುಂತಾಗ ದಿನಾ ಅಂತಾನ."

ಗುಡ್ಡದ ಮೇಲೊಂದು ಪಾಳುಬಿದ್ದ ಕುರಿದೊಡ್ಡಿ ಇತ್ತು. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ. ಸೌದೆಗೆ ಹೋದಾಗ ಪಂಪಾವತಿ ಅದರ ನೆರಳಲ್ಲಿ ಕೂರುವುದಿತ್ತು. ಅದರ ಸಂದುಗಳಲ್ಲಿ ಸದಾ ಓಡಾಟ. ಸೊಳ್ಳೆಯಷ್ಟೇ ಇರುವ, ಕಚ್ಚದ ನಸರಿ ಜೇನು ಒಂದು ಕಡೆ, ಹೊಟ್ಟೆಗೆ ನೀಲಿ ಪಟ್ಟೆ ಇರುವ ಒಂಟಿ ದುಂಬಿ ಇನ್ನೊಂದು ಕಡೆ. ಗೋಡೆಯ ಬುಡದಲ್ಲಿ ತಂಪು ಹಿಡಿದು ತುಂಬೆ ಬೆಳೆದಿತ್ತು. ಹೊಲದ ನಡುವೆ ಜೆಸಿಬಿ ರಾಶಿ ಹಾಕಿಹೋದ ಕಲ್ಲು, ಗುಡ್ಡದಲ್ಲಿ ಮನೆ ಹುಡುಕುವ ಜೇನು. ಬೇಲಿ ಇದ್ದ ಕಡೆ ಅಂಥದೇ ಗೋಡೆ ಕಟ್ಟಿಸಿ ಎರಡನ್ನೂ ಕೂಡಿಸಿದರೆ ಹೇಗೆ ಅಂತ ಅವಳಿಗೆ ಹೊಳೆದದ್ದು ಅಲ್ಲಿಯೇ.

ಬೇಸಿಗೆಗೆ ಸಂಗನಕಲ್ಲಿನಿಂದ ಗಾದೆಪ್ಪ ಬಂದ. ಅಪ್ಪನ ಕಾಲದಿಂದ ಕಲ್ಲಿನ ಕೆಲಸ. ಬಂದವನೇ ಕಲ್ಲಿನ ರಾಶಿಗೆ ಒಂದು ಸುತ್ತು ಹಾಕಿ ಕೇಳಿದ.

"ಅಕ್ಕಾರ, ಸಿಮೆಂಟು ಎಲ್ಲಿ ಇಳಿಸೀರಿ?"

"ಸಿಮೆಂಟು ಇಲ್ಲ. ಮಣ್ಣೂ ಬ್ಯಾಡ. ಖಾಲಿ ಕಲ್ಲು."

"ಸಂದು ಉಳೀತಾವಲ್ರೀ ಮತ್ತ? ಹುಳ ಹುಪ್ಪಡಿ ಸೇರ್ಕೊಂತಾವು."

"ಸೇರ್ಕೊಳ್ಳಲಿ ಅಂತನ ಕಟ್ಟಿಸಾಕತ್ತೀನಿ. ಜೇನಿಗೆ ಮನಿ ಬೇಕು."

ಗಾದೆಪ್ಪ ತಲೆಯ ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ಮನಿ ಕಟ್ಟಾಕ ಕರೀತಾರ, ಗುಡಿ ಕಟ್ಟಾಕ ಕರೀತಾರ. ಹುಳಕ್ಕ ಮನಿ ಕಟ್ಟು ಅಂತ ಕರೆದೋರು ನೀವ ಮೊದಲು. ಬಳ್ಳಾರಿ ಲೇಔಟಿನಾಗ ಕಾಂಪೌಂಡಿಗೆ ಸಿಮೆಂಟು ಮೆತ್ತಿ ಮೆತ್ತಿ ಕೈ ಜಡ್ಡುಗಟ್ಟೈತ್ರಿ. ನಮ್ಮಪ್ಪ ಕಲಿಸಿದ ಕೆಲಸಾ ಮರ್ತೀನೋ ಏನೋ ನೋಡಿಬಿಡ್ತೀನಿ ತಡೀರಿ."

ಅವನು ಮರೆತಿರಲಿಲ್ಲ. ದೊಡ್ಡ ಕಲ್ಲು ಬುಡಕ್ಕೆ. ಎರಡರ ಮೇಲೆ ಒಂದು, ಒಂದರ ಮೇಲೆ ಎರಡು. ಗೋಡೆಗೆ ಎರಡು ಮುಖ, ನಡುವೆ ಹೊಟ್ಟೆ. ಮೇಲೇರುತ್ತ ಎರಡೂ ಮುಖ ಒಂದಕ್ಕೊಂದು ಒರಗುವಂತೆ ತುಸು ಒಳಕ್ಕೆ ವಾಲಬೇಕು. ಅಲ್ಲಲ್ಲಿ ಒಂದು ಉದ್ದಗಲ್ಲು ಈ ಮುಖದಿಂದ ಆ ಮುಖಕ್ಕೆ ಅಡ್ಡ ಹಾಯಬೇಕು. "ಮುಖಾ ಎಲ್ಲಾರೂ ನೋಡ್ತಾರ್ರಿ. ಗೋಡಿ ನಿಂದ್ರೂದು ಹೊಟ್ಟಿ ಮ್ಯಾಲೆ. ಹೊಟ್ಟಿ ಗಟ್ಟಿಯಾಗಿ ತುಂಬಬೇಕು, ಮನುಷ್ಯಾಗೂ ಅಷ್ಟ" ಎಂದು ರೊಟ್ಟಿ ಬುತ್ತಿ ಬಿಚ್ಚುವಾಗಲೆಲ್ಲ ಹೇಳುತ್ತಿದ್ದ.

ವೀರಭದ್ರಮ್ಮ ಆಗ ಊರಲ್ಲಿರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಬಳ್ಳಾರಿಯ ಮಗಳ ಮನೆಗೆ ಹೋಗಿದ್ದಳು. ಈ ಗೋಡೆ ಕಟ್ಟಿಸಲು ಅವಳಿಗೆ ಮನಸ್ಸಿರಲಿಲ್ಲ. ಬಸ್ಸು ಹತ್ತುವಾಗಲೂ, "ನಾ ಬರೂದ್ರಾಗ ಹೊಲಾನೆಲ್ಲ ಗೋಡಿ ಮಾಡಿ ಇಡಬ್ಯಾಡ್ರಿ. ಬಿತ್ತಾಕ ಒಂದೀಟು ಬಿಡ್ರಿ" ಎಂದು ಹೇಳಿಯೇ ಹೋಗಿದ್ದಳು.

ಗೋಡೆ ಬನ್ನಿ ಮರದ ಹತ್ತಿರ ಬಂದ ದಿನ ಜಂಬುನಾಥನಿಗೆ ಉಮೇದು ಬಂತು. ಅಂಗಡಿ ಮುಚ್ಚಿ ಹೊಲಕ್ಕೆ ಬಂದು, "ನನಗೂ ಏನರ ಕೆಲಸಾ ಹೇಳಪಾ" ಎಂದ.

"ಹೆಡಗ್ಯಾಗ ಸಣ್ಣಗಲ್ಲು ಆರಿಸ್ಕೊಂಬಂದು ಹೊಟ್ಟಿಗೆ ತುಂಬ್ರಿ ಅಣ್ಣಾರ. ಗುಂಡುಗಲ್ಲು ಇದ್ರ ಮುಖಕ್ಕ ಕೊಡಬ್ಯಾಡ್ರಿ, ಅವು ಕುಂದ್ರಂಗಿಲ್ಲ. ಹೊಟ್ಟಿಗೇ ಹಾಕ್ರಿ."

ಜಂಬುನಾಥ ಮರದ ನೆರಳಲ್ಲೇ ಓಡಾಡಿ, ಕೈಗೆ ಸಿಕ್ಕದ್ದನ್ನೆಲ್ಲ ಆರಿಸಿ ಹೆಡಗಿ ತುಂಬಿದ, ಸುರಿದ. ಸಂಜೆ ಮನೆಯಲ್ಲಿ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, "ಆ ಗೋಡ್ಯಾಗ ನಂದೂ ಪಾಲೈತಿ" ಎಂದ. ಎಷ್ಟು ದೊಡ್ಡ ಪಾಲು ಅನ್ನುವುದು ಅವನಿಗಾಗಲಿ ಪಂಪಾವತಿಗಾಗಲಿ ಆಗ ತಿಳಿಯಲಿಲ್ಲ.

ಮೊದಲ ಮಳೆ ಬಿದ್ದ ಕೂಡಲೇ ಪಂಪಾವತಿ ಗೋಡೆಯ ಬುಡಕ್ಕೆ ಗಿಡ ಹಚ್ಚಿದಳು. ಪೇಟೆಯಿಂದ ಏನೂ ತರಲಿಲ್ಲ. ಗುಡ್ಡದಲ್ಲಿ ಏನಿತ್ತೋ ಅದೇ: ಲೆಕ್ಕಿಯ ಕಡ್ಡಿ, ತಂಗಡಿಯ ಬೀಜ, ಕವಳಿಯ ಸಸಿ. ತುಂಬೆಯ ಒಣತಲೆಗಳನ್ನು ಉಡಿಯಲ್ಲಿ ತಂದು ಉಜ್ಜಿ ಉದುರಿಸಿದಳು. ಮುಂದೆ ಒಂದು ಸಾಲು ಗುರೆಳ್ಳು. ಗೋಡೆಯ ತಲೆಯ ಮೇಲಿನ ಗುಳಿಗಳಿಗೆ ಹಿಡಿ ಹಿಡಿ ಮಣ್ಣು ಹಾಕಿ ಕಾಮಕಸ್ತೂರಿ. ಗುಡ್ಡದಿಂದ ಇಳಿದ ನೀರು ಗೋಡೆಯ ಸಂದಿನಲ್ಲಿ ಸೋಸಿಕೊಂಡು, ಮಣ್ಣನ್ನು ಆ ಕಡೆಯೇ ಬಿಟ್ಟು, ತಿಳಿಯಾಗಿ ಹೊಲಕ್ಕೆ ಬಂತು. ಇದು ಅವಳು ಕೇಳದೇ ಸಿಕ್ಕ ಲಾಭ.

ಕನ್ನಡಕ ಹಾಕಿಕೊಂಡು ಬಂದ ವೀರಭದ್ರಮ್ಮ ಮೊದಮೊದಲು ಗೋಡೆಯ ಕಡೆ ನೋಡಲೇ ಇಲ್ಲ. ಆದರೆ ಬಹಳ ವರ್ಷದ ಮೇಲೆ ಕಣ್ಣು ಕಾಣತೊಡಗಿದವರಿಗೆ ಎಷ್ಟು ದಿನ ನೋಡದೇ ಇರಲು ಆಗುತ್ತದೆ? ದೀಪಾವಳಿ ಕಳೆದು ತಂಗಡಿ ಹಳದಿ ಹೂ ಬಿಟ್ಟಿತ್ತು. ಒಂದು ಮಧ್ಯಾಹ್ನ ಕಳೆ ತೆಗೆಯುತ್ತಿದ್ದ ಸೊಸೆಯನ್ನು ಕೂಗಿ ಕರೆದಳು.

"ಪಂಪೀ! ಓಡಿ ಬಾ ಇಲ್ಲಿ! ನಿನ್ನ ಗೋಡಿ ಮೂಗುತಿ ಇಟ್ಕೊಂಡೈತಿ!"

ಬನ್ನಿ ಮರದ ನೆರಳು ಬೀಳುವ ಕಡೆ, ಎರಡು ಕಲ್ಲಿನ ಸಂದಿನಿಂದ ಕಿರುಬೆರಳಿನಷ್ಟು ಮೇಣದ ಕೊಳವೆಯೊಂದು ಹೊರಗೆ ಚಾಚಿತ್ತು. ಅದರ ಬಾಯಲ್ಲಿ ನಸರಿ ಜೇನು ಒಳಗೂ ಹೊರಗೂ. ಪಂಪಾವತಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬಂದದ್ದನ್ನು ಅತ್ತೆ ಹೊಸ ಕಣ್ಣಿನಿಂದ ನೋಡಿದಳು. "ಕಚ್ಚಂಗಿಲ್ಲಲ್ಲ ಇವು?" ಎಂದಷ್ಟೇ ಕೇಳಿದಳು. ಅಂದಿನಿಂದ ಮಧ್ಯಾಹ್ನದ ಎಲೆ ಅಡಿಕೆ ಗೋಡೆಯ ಪಕ್ಕದಲ್ಲೇ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಪಂಪಾವತಿ ಪಾಂಡವರನ್ನು ತೊಳೆದಿಡೋಣವೆಂದು ಬನ್ನಿ ಮರದ ಬುಡದ ಹುಲ್ಲು ಸರಿಸಿದಳು. ಇಲ್ಲ. ಸುತ್ತಲೂ ಕೆದರಿದಳು. ಇಲ್ಲ. ಅಂಗಡಿಗೆ ಹೋಗಿ ಗಂಡನನ್ನು ಕೇಳಿದಳು.

ಜಂಬುನಾಥ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಯಾವ ಕಲ್ಲು? ಹೊಳಿ ಕಲ್ಲಾ? ಆ ನುಣ್ಣನ್ನವಾ?"

"ಹ್ಞೂಂ."

"ಗುಂಡುಗಲ್ಲು ಹೊಟ್ಟಿಗೆ ಹಾಕಂದ್ನಲ್ಲ ಗಾದೆಪ್ಪ…"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಜಂಬುನಾಥನಿಗೆ ದಾರಿ ಹೊಳೆಯಲು ತಡವಾಗಲಿಲ್ಲ. "ಸಿರುಗುಪ್ಪದ ಹೊಳಿ ಬತ್ತೈತೇನು? ಗಾಡಿ ತಗೊಂಡು ಹೋದ್ರ ಮಧ್ಯಾಹ್ನಕ್ಕ ವಾಪಸ್. ಐದು ತರ್ತೀನಿ, ದಪ್ಪಗ ಸುಣ್ಣ ಹೊಡೀತೀನಿ. ಅವ್ವಗ ಗೊತ್ತಾಗಂಗಿಲ್ಲ."

"ನೀವು ತರ್ರಿ. ಬ್ಯಾಡ ಅನ್ನಂಗಿಲ್ಲ. ಆದ್ರ ಅವರು ಕೇಳಿದ್ರ ನಾ ಸುಳ್ಳು ಹೇಳಂಗಿಲ್ಲ."

"ಕೇಳಿದ್ರಲ್ಲ ಹೇಳೂದು!"

ಪಂಪಾವತಿ ಗೋಡೆಯ ಹತ್ತಿರ ಬಂದು ನಿಂತಳು. ಸೂರ್ಯಪಾನ ಆಗಷ್ಟೇ ಅರಳತೊಡಗಿತ್ತು. ಹೂವಿನ ಮುಖದ ತುಂಬ ಜೇನು. ಈ ವರ್ಷ ಅವಳು ಸೀರೆಯ ತುಂಡನ್ನು ಕೈಗೆ ಸುತ್ತಿಕೊಂಡೇ ಇರಲಿಲ್ಲ. ಗೋಡೆ ಬಿಚ್ಚಿದರೆ ಗೂಡು ಹೋಗುತ್ತದೆ, ಅದೂ ಹೂವಿನ ಕಾಲದಲ್ಲಿ. ಬಿಚ್ಚದಿದ್ದರೆ, ತಾಯಿ ಸೆರಗಿಗೆ ಕಟ್ಟಿ ಕಳಿಸಿದ್ದನ್ನು ಮುದುಕಿಯಿಂದ ಕಿತ್ತುಕೊಂಡ ಹಾಗೆ. ಬೇಡ ಅಂದ ಗೋಡೆಯನ್ನು ಹಟ ಮಾಡಿ ಕಟ್ಟಿಸಿದವಳು ತಾನೇ.

ಮರುದಿನ ಬುತ್ತಿ ಹೊತ್ತು ಎಲ್ಲರೂ ಹೊಲಕ್ಕೆ ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಮೊಸರನ್ನ. ಗೋಡೆ ಕಟ್ಟಿದವನೆಂದು ಗಾದೆಪ್ಪನನ್ನೂ ಊಟಕ್ಕೆ ಕರೆದಿದ್ದರು. ಬನ್ನಿ ಮರದ ಕೆಳಗೆ ಐದು ಕಲ್ಲು ಬೆಳ್ಳಗೆ ಹೊಳೆಯುತ್ತಿದ್ದವು.

ವೀರಭದ್ರಮ್ಮ ಕುಂಕುಮ ಹಚ್ಚಲು ಒಂದನ್ನು ಕೈಗೆತ್ತಿಕೊಂಡಳು. ಅಂಗೈಯಲ್ಲಿ ಹೊರಳಿಸಿದಳು. ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಮತ್ತೆ ಹೊರಳಿಸಿದಳು.

"ಲೇ ಜಂಬ್ಯಾ. ಇವ್ಯಾರ ಮಕ್ಕಳಲೇ?"

"ಪಾಂಡವರಬೇ. ಇನ್ಯಾರು?"

"ಕಣ್ಣಿಗೆ ಪೊರಿ ಬಂದಾಗ ಇವನ್ನ ಕೈಯಿಂದಲೇ ಗುರ್ತು ಹಿಡದಾಕಿ ನಾನು. ಧರ್ಮರಾಯನ ಬೆನ್ನಿಗೆ ಸಣ್ಣ ಕುಣಿ ಐತಿ, ಹೆಬ್ಬೆರಳು ಕುಂದ್ರತೈತಿ. ಭೀಮ ಒಂದು ಕಡಿ ಚಪ್ಪಟಿ. ಇವರು ಹೊಸಬರು. ಪಂಪೀ, ನೀ ಹೇಳು."

ಪಂಪಾವತಿ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಇಳಿಸಿದಳು. "ನಿಮ್ಮ ಕಲ್ಲು ಗೋಡ್ಯಾಗ ಹೋಗ್ಯಾವ್ರಿ ಅತ್ತಿ. ಗೊತ್ತಿಲ್ಲದ ಹೊಟ್ಟಿಗೆ ತುಂಬೀವಿ. ನಿನ್ನಿ ಗೊತ್ತಾತು."

ವೀರಭದ್ರಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. ಕೊನೆಗೆ, "ನಮ್ಮವ್ವ ಕೊಟ್ಟಿದ್ದು ಅದೊಂದ ಉಳಿದಿತ್ತು" ಎಂದಳು.

ಅಷ್ಟು ಸಾಕಾಯಿತು ಪಂಪಾವತಿಗೆ. "ಗಾದೆಪ್ಪ, ಗೋಡಿ ಬಿಚ್ಚು."

"ಅಕ್ಕಾರ, ಹೂವಿನ ಟೈಮು…"

"ಬಿಚ್ಚು ಅಂದೆ."

ಗಾದೆಪ್ಪ ಎದ್ದ. "ಬಿಚ್ಚೂದೇನು ದೊಡ್ಡದಲ್ಲ. ಸಿಮೆಂಟು ಇದ್ದಿದ್ರ ಒಡೀಬೇಕಿತ್ತು, ಇದು ಎತ್ತಿಟ್ಟು ಮತ್ತ ಇಟ್ರ ಆತು. ಎಲ್ಲಿ ಹಾಕೀರಿ ಅಣ್ಣಾರ, ಜಾಗ ತೋರಸ್ರಿ."

ಜಂಬುನಾಥ ತಲೆ ತುರಿಸಿಕೊಂಡ. "ಬಿಸಿಲಾಗ ನಾ ಒಂದು ಹೆಡಗೀನೂ ಹೊತ್ತಿಲ್ಲ. ನೆಳ್ಳು ಎಲ್ಲೈತೋ ಅಲ್ಲೇ."

ನೆರಳು ಬಿದ್ದಿದ್ದ ಕಡೆಯೇ ಮೂಗುತಿ.

ಗಾದೆಪ್ಪ ಗೋಡೆಯ ತಲೆಯ ಮೇಲಿನ ಚಪ್ಪಡಿಗಳನ್ನು ಒಂದೊಂದಾಗಿ ಎತ್ತಿ ಹುಲ್ಲಿನ ಮೇಲಿಟ್ಟ. ಕಾಮಕಸ್ತೂರಿಯ ಗಿಡವನ್ನು ಮಣ್ಣು ಸಮೇತ ಎತ್ತಿ ಪಂಪಾವತಿಯ ಕೈಗೆ ಕೊಟ್ಟ. ಒಳಗಿನ ಸಣ್ಣಗಲ್ಲುಗಳನ್ನು ಬೆರಳಿನಿಂದ ಮೆಲ್ಲಗೆ ತೆಗೆಯುತ್ತ ಹೋದವನು ಒಮ್ಮೆಲೇ ನಿಂತ. ಸಣ್ಣ ಜೇನುಗಳು ಗುಂಪಾಗಿ ಎದ್ದು ಅವನ ಕೂದಲಿಗೆ, ಹುಬ್ಬಿಗೆ ಮುತ್ತಿದವು. ಒರೆಸಿಕೊಳ್ಳದೇ ಕರೆದ.

"ಅಮ್ಮಾರ, ಇಲ್ಲಿ ಬರ್ರಿ. ಇದನ್ನ ನೀವ ನೋಡಬೇಕು."

ಪಂಪಾವತಿ ಅತ್ತೆಯ ತೋಳು ಹಿಡಿದು ಕರೆತಂದಳು. ಒಳಗೆ ಕತ್ತಲಲ್ಲಿ ಕಂದು ಬಣ್ಣದ ಮೇಣದ ಗೂಡು, ದ್ರಾಕ್ಷಿ ಗೊಂಚಲಿನ ಹಾಗೆ ಸಣ್ಣ ಸಣ್ಣ ಜೇನಿನ ಗಡಿಗೆಗಳು. ಅದರ ಕೆಳಗೆ, ಗೂಡನ್ನು ಬೆನ್ನ ಮೇಲೆ ಹೊತ್ತಂತೆ, ನುಣ್ಣನೆಯ ಗುಂಡುಗಲ್ಲುಗಳು ಒತ್ತಾಗಿ ಕೂತಿದ್ದವು. ಸುತ್ತಲಿನ ಒರಟು ಕಲ್ಲುಗಳ ನಡುವೆ ಸಂದು ಉಳಿದದ್ದೇ ಅವು ಗುಂಡಗಿದ್ದದ್ದರಿಂದ. ಜೇನಿಗೆ ಅಂಥ ಜಾಗವೇ ಬೇಕಾಗಿತ್ತು.

ವೀರಭದ್ರಮ್ಮ ಬಳೆ ಹಿಂದಕ್ಕೆ ಸರಿಸಿ ಕೈ ಒಳಗೆ ಬಿಟ್ಟಳು. ಹೆಬ್ಬೆರಳು ಹುಡುಕಿತು, ಸಿಕ್ಕಿತು.

"ಧರ್ಮರಾಯ" ಎಂದಳು. ಕೈಯ ಮೇಲೆ ಜೇನು ಹರಿದಾಡುತ್ತಿದ್ದವು. ಹಾಗೇ ನಿಂತಳು, ಕೈ ತೆಗೆಯಲಿಲ್ಲ. ಪಂಪಾವತಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಬೆಚ್ಚಗದಾನ" ಎಂದಳು ಮುದುಕಿ. "ಇಷ್ಟು ವರ್ಷ ಮಳ್ಯಾಗ ನೆನಸಿದೆ, ಬಿಸಿಲಾಗ ಒಣಗಿಸಿದೆ. ವರ್ಷಕ್ಕೊಂದು ಸಲ ಸುಣ್ಣ ಬಳದು, ಆಮ್ಯಾಲೆ ನೆನಪ ಮಾಡಿದಾಕಿ ಅಲ್ಲ. ವನವಾಸ ಮುಗದು ಮನಿ ಆಗೈತಿ ಇವರಿಗೆ. ನಾ ಯಾವಾಕಿ ಎಬ್ಬಿಸಾಕ?" ಕೈ ಮೆಲ್ಲಗೆ ಹೊರತೆಗೆದು, ಬೆರಳಿಗೆ ಅಂಟಿದ ಜೇನನ್ನು ನೆಕ್ಕಿದಳು. ತುಸು ಹುಳಿ, ತುಸು ಸಿಹಿ. "ಮುಚ್ಚಪಾ ಗಾದೆಪ್ಪ. ಹೆಂಗಿತ್ತೋ ಹಂಗ."

"ಅತ್ತಿ…" ಎಂದಳು ಪಂಪಾವತಿ. ಬಗ್ಗಿ ಅತ್ತೆಯ ಕಾಲು ಮುಟ್ಟಿದಳು.

"ಏಳೇ, ಏಳು. ನಿನಗ ನಾ ಕೈ ಮುಗೀಬೇಕು. ನಮ್ಮವ್ವನ ಕಲ್ಲಿಗೆ ಜೇನು ಕೂಡಿಸಿದಾಕಿ ನೀನು. ಸುಣ್ಣದ ಬಟ್ಟಲಾ ತಾ."

ಗಾದೆಪ್ಪ ಚಪ್ಪಡಿಗಳನ್ನು ಮೊದಲಿದ್ದ ಹಾಗೇ ಮತ್ತೆ ಇಟ್ಟ. ವೀರಭದ್ರಮ್ಮ ಗೋಡೆಯ ಮುಖದ ಮೇಲೆ, ಮೂಗುತಿಯ ಕೆಳಗೆ, ಬೆರಳಿನಿಂದ ಐದು ಸುಣ್ಣದ ಬೊಟ್ಟಿಟ್ಟಳು, ಒಂದೊಂದಕ್ಕೂ ಕುಂಕುಮ. ಎಡೆಯನ್ನು ಅಲ್ಲೇ ಹಿಡಿದರು. ಆಮೇಲೆ ಜಂಬುನಾಥ ಚರಗದ ಬುಟ್ಟಿ ಹೊತ್ತು ಮುಂದೆ, ಪಂಪಾವತಿ ನೀರಿನ ತಂಬಿಗೆ ಹಿಡಿದು ಹಿಂದೆ. "ಹುಲ್ಲುಲ್ಲಿಗೋ…" ಎಂದು ಅವನು ಕೂಗಿದರೆ "ಚಲ್ಲಂಬ್ರಿಗೋ…" ಎಂದು ಇವಳು. ಹೊಲದ ನಾಲ್ಕೂ ದಿಕ್ಕಿಗೆ ಅನ್ನ ಬಿತ್ತು. ಗೋಡೆಯ ಉದ್ದಕ್ಕೂ, ಲೆಕ್ಕಿ ತಂಗಡಿಯ ಬುಡಕ್ಕೂ ಒಂದೊಂದು ತುತ್ತು ಬಿತ್ತು.

ಊಟಕ್ಕೆ ಕೂತಾಗ ಜಂಬುನಾಥನ ಕಣ್ಣು ಬನ್ನಿ ಮರದ ಕೆಳಗಿನ ಹೊಸ ಕಲ್ಲುಗಳ ಮೇಲಿತ್ತು. "ಹಂಗಾದ್ರ ಅವನ್ನೇನು ಮಾಡೂದಬೇ? ಅಷ್ಟು ದೂರದಿಂದ ತಂದೀನಿ."

"ಸುಳ್ಳು ಹೇಳಾಕ ತಂದಿ."

"ನಿನ್ನ ತವರಿಂದ ತಂದೀನಲ್ಲ!"

ವೀರಭದ್ರಮ್ಮ ನಕ್ಕಳು. "ಅದೂ ಖರೇನ. ಹೊಳಿ ಹೆಂಗೈತಿ? ನೀರು ಅದಾವೇನು?" ಎಂದು ಕೇಳಿದಳು. ಮಗ ನೀರು ಎಲ್ಲಿಯವರೆಗಿದೆ, ಯಾವ ಮಗ್ಗುಲಿಗೆ ಇಳಿದ, ಯಾರು ಬಟ್ಟೆ ಒಗೆಯುತ್ತಿದ್ದರು ಎಲ್ಲ ಹೇಳಿದ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು.

"ಸುಣ್ಣ ತೊಳಿ ಅವಕ್ಕ" ಎಂದಳು ಆಮೇಲೆ. "ಅಗಲ ಪರಾತದಾಗ ನೀರು ಹಾಕಿ ನಡುವ ಇಡು, ಬೆನ್ನು ಮ್ಯಾಲೆ ಕಾಣೂವಂಗ. ನಾ ದಿನಾ ನೋಡ್ತೀನಿ, ಜೇನು ನೀರಿಗೆ ಬಂದು ಕಾಲಿಡಾಕ ಜಾಗ ಇಲ್ಲದ ಮುಳುಗ್ತಾವು."

ಪರಾತವನ್ನು ಗೋಡೆಯ ಪಕ್ಕ, ನೆರಳಿನಲ್ಲಿ ಇಟ್ಟರು. ಗಾದೆಪ್ಪ ಎರಡನೇ ಹೋಳಿಗೆಗೆ ಕೈ ಚಾಚುವಷ್ಟರಲ್ಲಿ ಮೊದಲ ಜೇನು ಬಂದು ಸಿರುಗುಪ್ಪದ ಕಲ್ಲಿನ ಒದ್ದೆ ಬೆನ್ನ ಮೇಲೆ ಇಳಿಯಿತು. ಬಗ್ಗಿ ನೀರು ಕುಡಿಯಿತು. ಜಂಬುನಾಥ ಉಸಿರಾಡದೇ ನೋಡುತ್ತಿದ್ದ.

"ನೋಡಲೇ" ಎಂದಳು ಅವನ ತಾಯಿ, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತ. "ನಿನ್ನ ಸುಳ್ಳೂ ಒಂದು ಕೆಲಸಕ್ಕ ಬಂತು."